ತಿಗರಿಗೆ ಎರಡು ದಿನ ಬಿಡುವು



ಇತಿಹಾಸವೆಂದೊಡನೆ ನಮಗೆ ರಾಜರು ನೆನಪಾಗುತ್ತಾರೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಘಕಾಲದಲ್ಲಿ ಅದು ಅದಿಯಮಾನನ ಊರು. 9ನೆಯ ಶತಮಾನದಲ್ಲಿ ನೊಳಂಬರ ಮಹೇಂದ್ರನ ಕಾಲದ ಕನ್ನಡ ಶಾಸನಗಳು ಅಲ್ಲಿಯೇ ಹುಟ್ಟಿದವು. ಆದರೆ ಈ ಇಬ್ಬರು ಅರಸರಿಗಿಂತ ಬಹಳ ಮುಂಚೆ ಈ ನೆಲದಲ್ಲಿ ಗುರುತು ಬಿಟ್ಟು ಹೋದವನು ಕುಂಬಾರ. ಅವನು ಕಲ್ಲಿನ ಮೇಲೆ ಹೆಸರು ಕೆತ್ತಿಸಲಿಲ್ಲ, ಅಷ್ಟೇ.

ಹೊಸೂರು ಕಡೆಯ ಕುಂಬಾರನೊಬ್ಬ ಒಂದು ಬೇಸಿಗೆಯ ಶನಿವಾರ ತಿಗರಿ ನಿಲ್ಲಿಸಿ, ಹಳೆಯ ಗೆಳೆಯರನ್ನು ಕಂಡು ಕೂತ್ತು ನೋಡಿಬರಲು ಧರ್ಮಪುರಿ, ಸೇಲಂ ಕಡೆಗೆ ಬಸ್ಸು ಹತ್ತಿದನೆಂದು ಎಣಿಸಿಕೊಳ್ಳಿ. ನೀವೂ ಅವನ ಜೊತೆಗೆ ಬನ್ನಿ.

ಬಸ್ಸು ಮೊದಲು ಕೃಷ್ಣಗಿರಿ ಸೇರುತ್ತದೆ. 2004ರವರೆಗೆ ಇದು ಧರ್ಮಪುರಿ ಜಿಲ್ಲೆಯ ಭಾಗ; 1965ಕ್ಕೆ ಮುಂಚೆ ಎಲ್ಲವೂ ಸೇಲಂ ಜಿಲ್ಲೆಯೇ. ಈ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ಅಗೆದಾಗ ದೊರೆತ ಕಬ್ಬಿಣದ ಕಾಲ ಕ್ರಿ.ಪೂ. 2172 ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಅಲ್ಲಿಯ ಕಪ್ಪು-ಕೆಂಪು ಮಡಕೆಗಳೂ ಸುಮಾರು ಅಷ್ಟೇ ಹಳೆಯವು. ಅದೇ ಜಾತಿಯ ಮಡಕೆಗಳು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಸಿಕ್ಕವು. ಒಳಗೆ ಕಪ್ಪು, ಹೊರಗೆ ಕೆಂಪು ಹೇಗೆ ಬಂತೆಂದು ನಮ್ಮ ಕುಂಬಾರನನ್ನು ಕೇಳಿ. ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಆಡುವುದಿಲ್ಲ, ಒಳಮೈ ಕಪ್ಪಾಗುತ್ತದೆ. ಹೊರಮೈ ಗಾಳಿ ಕುಡಿದು ಕೆಂಪಾಗುತ್ತದೆ. ಎರಡು ಭಾಷೆಯ ನಾಡಿನಲ್ಲಿ ಒಂದೇ ಕೈಕೆಲಸ!

ಸತ್ತವರನ್ನು ದೊಡ್ಡ ಹರವಿಯಲ್ಲಿಟ್ಟು ಹೂಳುವ ರೂಢಿ ಆಗ ಇತ್ತು. ತಮಿಳಿನ ಪುರನಾನೂರಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು, ತನಗೂ ಅದರಲ್ಲಿ ಜಾಗವಿರುವಂತೆ ಹರವಿಯನ್ನು ಅಗಲವಾಗಿ ಮಾಡಿಕೊಡೆಂದು ಕುಂಬಾರನನ್ನು ಬೇಡಿಕೊಳ್ಳುತ್ತಾಳೆ. ಭಕ್ತರ ಸಾಲಿನಲ್ಲೂ ಕುಂಬಾರನಿಗೆ ಪೀಠವುಂಟು. ತಮಿಳರಿಗೆ ತಿರುನೀಲಕಂಠ ನಾಯನಾರ್. ನಮಗೆ ಹರಿಹರನು ರಗಳೆ ಬರೆದ ಕುಂಬಾರ ಗುಂಡಯ್ಯ. ಗುಂಡಯ್ಯ ಮಡಕೆ ತಟ್ಟಿದ ದನಿಗೆ ಶಿವನೇ ಕುಣಿದನಂತೆ.

ರಾತ್ರಿ ಧರ್ಮಪುರಿ ಕಡೆಯ ಹಳ್ಳಿಯಲ್ಲಿ ಗೆಳೆಯನ ಮನೆಯ ಊಟ. ಆಮೇಲೆ ದ್ರೌಪದಿ ಅಮ್ಮನ ಗುಡಿಯ ಮುಂದೆ ತೆರುಕ್ಕೂತ್ತು. ಇದು ನಮ್ಮ ಬಯಲಾಟದ ನೆಂಟ. ಬೆಳಗಿನ ತನಕ ಭಾರತದ ಕಥೆ ನಡೆಯುತ್ತದೆ. ಹದಿನೆಂಟನೆಯ ದಿನದ ಯುದ್ಧಕ್ಕಾಗಿ ನೆಲದ ಮೇಲೆ ಹಲವು ಅಡಿ ಉದ್ದದ ಮಣ್ಣಿನ ದುರ್ಯೋಧನನನ್ನು ಅಂಗಾತ ಮಲಗಿಸುತ್ತಾರೆ. ಅದಕ್ಕೆ ಪಡುಕಳಂ ಎಂದು ಹೆಸರು. ಕೆಲವು ಊರುಗಳಲ್ಲಿ ಈ ಮೂರ್ತಿ ಕುಂಬಾರರ ಕೈಯಿಂದಲೇ ಆಗಬೇಕು. ಭೀಮನ ವೇಷದವನು ತೊಡೆಗೆ ಹೊಡೆಯುತ್ತಾನೆ. ದ್ರೌಪದಿ ಬಿಚ್ಚಿದ ಮುಡಿಯನ್ನು ಕಟ್ಟುತ್ತಾಳೆ.

ಅದೇ ದ್ರೌಪದಿ ಬೆಂಗಳೂರಿನಲ್ಲಿ ಕರಗವಾಗಿ ಬರುತ್ತಾಳೆ. ಕರಗವೆಂದರೆ ಮಡಕೆಯೇ, ಹಸಿ ಕರಗವಂತೂ ಸುಡದ ಹಸಿ ಮಣ್ಣಿನದು. ಕರಗದ ವಿಧಿಗಳು ನಡೆಯುತ್ತಿದ್ದ ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಉಳಿದಿರುವುದು ಒಂದು ಸಣ್ಣ ಕೊಳ.

ಭಾನುವಾರ ಸೇಲಂ ಕಡೆ ಗೆಳೆಯರು ಕೂಡಿದಾಗ ಮಾತು ಕೆರೆಗೇ ಬಂದು ನಿಲ್ಲುತ್ತದೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಂದು ವ್ಯಾಪಾರ ಕುಗ್ಗಿತು. ಅದಕ್ಕಿಂತ ದೊಡ್ಡ ಕಷ್ಟ ಮಣ್ಣಿನದು. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಿದ್ದ ನನಗೆ ಇದು ಗೊತ್ತು. ತಿಗರಿಗೆ ಬೆಲೆ ಕಟ್ಟಬಹುದಿತ್ತು, ಆವಿಗೆಗೂ ಕಟ್ಟಬಹುದಿತ್ತು. ಕಸುಬಿನ ಮೂಲವಾದ ಮಣ್ಣಿಗೆ ಮಾತ್ರ ಕುಂಬಾರನ ಬಳಿ ಕಾಗದವಿರುತ್ತಿರಲಿಲ್ಲ. 2024ರಲ್ಲಿ ತಮಿಳುನಾಡು ಸರ್ಕಾರವು ರೈತರೂ ಕುಂಬಾರರೂ ತಹಶೀಲ್ದಾರರ ಅನುಮತಿ ಪಡೆದು ಕೆರೆಯ ಮಣ್ಣನ್ನು ಉಚಿತವಾಗಿ ಒಯ್ಯುವ ದಾರಿಯನ್ನು ಸುಲಭ ಮಾಡಿತು. ನಿಮ್ಮೂರಿನ ಕುಂಬಾರರಿಗೆ ಈ ಮಾತನ್ನು ತಿಳಿಸಿ. ಅರ್ಜಿ ಬರೆಯಲು ಬಾರದಿದ್ದರೆ ಬರೆದುಕೊಡಿ.

ನಾಲ್ಕು ಸಾವಿರ ವರ್ಷದ ಲೆಕ್ಕ ನಮಗೆ ಸಿಕ್ಕಿದ್ದು ಒಡೆದ ಮಡಕೆಯ ಚೂರುಗಳಿಂದ. ಕೆರೆ ಹೋದರೆ ಮಣ್ಣು ಹೋಯಿತು. ಮಣ್ಣು ಹೋದರೆ ಕರಗವೂ ಇಲ್ಲ, ಮಲಗುವ ದುರ್ಯೋಧನನೂ ಇಲ್ಲ. ಮುಂದಿನ ಹಬ್ಬಕ್ಕೆ ಮಡಕೆಯನ್ನು ಕುಂಬಾರನ ಮನೆಗೇ ಹೋಗಿ ಕೊಳ್ಳಿ. ಅವನೊಡನೆ ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಎರಡು ಮಾತಾಡಿ ಬನ್ನಿ.