ಎಳೆಯೋದು ಸುಲಭ, ಹೊರೋದು ಕಷ್ಟ: ಆಸ್ಟ್ರೇಲಿಯಾದಲ್ಲಿ ಭಾರ ಸಾಗಿಸಿದವರ ಕಥೆ

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಬಳಗದ ಒಬ್ಬ ಹುಡುಗ ಬಂದು ಕೇಳಿದ: "ಅಣ್ಣಾ, ಸೆಕೆಂಡ್ ಹ್ಯಾಂಡ್ ಲ್ಯಾಂಡ್ ಕ್ರೂಸರ್ ತಗೊಂಡಿದೀನಿ, 200 ಸೀರೀಸ್. ಮೂರು ಟನ್ ಕಾರವಾನ್ ಎಳೀಬೇಕು. ಏನೇನ್ ಹಾಕಿಸ್ಲಿ?" ಅವನ ಫೋನಿನಲ್ಲಿ ಒಂದು ಪಟ್ಟಿಯೇ ಇತ್ತು. ಎಂಜಿನ್ ಟ್ಯೂನ್, ದಪ್ಪ ಎಕ್ಸಾಸ್ಟ್, ದೊಡ್ಡ ಟೈರ್, ಬುಲ್ ಬಾರ್, ವಿಂಚ್. "ಮೊದಲು ವೇಬ್ರಿಡ್ಜ್‌ಗೆ ಹೋಗಿ ತೂಕ ಹಾಕಿಸ್ಕೊಂಡು ಬಾ" ಅಂದೆ. ತಮಾಷೆ ಮಾಡ್ತಿದೀನಿ ಅಂದ್ಕೊಂಡು ನಕ್ಕು ಹೋದ. ಅವನಿಗೆ ಅವತ್ತು ಕೊಡಬೇಕಿದ್ದ ಉತ್ತರವನ್ನು ಈಗ ಬರೀತಿದೀನಿ. ಸ್ವಲ್ಪ ಉದ್ದವಾಯ್ತು, ಯಾಕಂದ್ರೆ ಉತ್ತರ ಇನ್ನೂರು ವರ್ಷ ಹಿಂದಿನಿಂದ ಶುರುವಾಗುತ್ತೆ.

ನಾನು ಟೂವುಂಬಾದಲ್ಲಿ ಲಾರಿ, ಬುಲ್ಡೋಜರ್ ರಿಪೇರಿ ಮಾಡುವ ಡೀಸೆಲ್ ಮೆಕ್ಯಾನಿಕ್. ಊರು ಮಂಡ್ಯದ ಕಡೆ. ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೀತಿದ್ರು. ಗಾಡಿ ತುಂಬಿದ ಮೇಲೆ, ಎತ್ತು ಹೂಡುವ ಮೊದಲು, ಅವರು ನೊಗವನ್ನು ಒಂದು ಸಲ ತಾವೇ ಎತ್ತಿ ನೋಡ್ತಿದ್ರು. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತೆ. ಸರಿ ಇಲ್ಲ ಅನಿಸಿದರೆ ನಾಲ್ಕು ಕಟ್ಟು ಕಬ್ಬನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ, ಮತ್ತೆ ಎತ್ತಿ ನೋಡೋರು. ಎತ್ತಿಗೆ ಎಳೆಯೋ ಶಕ್ತಿ ಇದೆಯಾ ಅಂತ ಅವರು ಯಾವತ್ತೂ ಚಿಂತೆ ಮಾಡಿದ್ದು ನಾನು ನೋಡಿಲ್ಲ. ಅವರ ಚಿಂತೆಯೆಲ್ಲ ಹೆಗಲಿನ ಮೇಲೆ ಎಷ್ಟು ಭಾರ ಕೂರುತ್ತೆ, ಇಳಿಜಾರಿನಲ್ಲಿ ಗಾಡಿ ಹೇಗೆ ನಿಲ್ಲುತ್ತೆ ಅನ್ನೋದರ ಬಗ್ಗೆಯೇ.

ಈ ದೇಶದ ಚರಿತ್ರೆ ಓದಿದಾಗ ನನಗೆ ಅದೇ ಕಥೆ ಮತ್ತೆ ಮತ್ತೆ ಸಿಕ್ಕಿತು.

1814ರ ಜುಲೈನಲ್ಲಿ ವಿಲಿಯಂ ಕಾಕ್ಸ್ ಎಂಬಾತ ಸುಮಾರು 30 ಮಂದಿ ಕೈದಿಗಳನ್ನು ಕಟ್ಟಿಕೊಂಡು ಸಿಡ್ನಿಯ ಪಶ್ಚಿಮದ ಬ್ಲೂ ಮೌಂಟನ್ಸ್ ದಾಟುವ ರಸ್ತೆ ಕಡಿಯಲು ಶುರುಮಾಡಿದ. ಆರು ತಿಂಗಳಲ್ಲಿ, 1815ರ ಜನವರಿಗೆ ರಸ್ತೆ ಆಯ್ತು. ಗಾಡಿಗಳು ಬೆಟ್ಟ ಹತ್ತಿದವು. ಎತ್ತಿನ ಜೋಡಿ ಸಾಲದಿದ್ದರೆ ಇನ್ನೊಂದು ಜೋಡಿ ಹೂಡಿದರಾಯ್ತು. ಕಷ್ಟ ಇದ್ದದ್ದು ಆಚೆ ಬದಿಯ ಇಳಿತದಲ್ಲಿ, ಮೌಂಟ್ ಯಾರ್ಕ್ ಎಂಬಲ್ಲಿ. ಗಾಡಿಗೆ ಬ್ರೇಕ್ ಎಲ್ಲಿಂದ ಬರಬೇಕು? ಒಂದು ಮರ ಕಡಿದು ಗಾಡಿಯ ಹಿಂದಕ್ಕೆ ಕಟ್ಟಿ, ಅದನ್ನು ನೆಲದ ಮೇಲೆ ಎಳೆಸುತ್ತಾ ಇಳಿಸೋರು. ಆ ಕಾಲದ ಟ್ರೈಲರ್ ಬ್ರೇಕ್ ಅದು. ಹತ್ತುವಾಗ ಎಷ್ಟು ಎತ್ತು ಬೇಕು ಅನ್ನೋದು ಸುಲಭದ ಲೆಕ್ಕ, ಇಳಿಯುವಾಗ ಎಷ್ಟು ದಪ್ಪ ಮರ ಬೇಕು ಅನ್ನೋದು ಅನುಭವದ ಲೆಕ್ಕ.

ಎತ್ತುಗಳಿಗೆ ನೀರು ಬೇಕು, ಮೇವು ಬೇಕು. ನಡುನಾಡಿನ ಮರುಭೂಮಿಯಲ್ಲಿ ಅವೆರಡೂ ಇರಲಿಲ್ಲ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಅನ್ವೇಷಣಾ ಯಾತ್ರೆಗಾಗಿ ಕರಾಚಿಯಿಂದ ಹಡಗಿನಲ್ಲಿ 24 ಒಂಟೆಗಳು ಮೆಲ್ಬರ್ನ್‌ಗೆ ಬಂದವು, ಜೊತೆಗೆ ಒಂಟೆ ಹೊಡೆಯುವವರೂ ಬಂದರು. ಮುಂದಿನ ಅರವತ್ತು ವರ್ಷಗಳಲ್ಲಿ ಸಾವಿರಾರು ಒಂಟೆಗಳು ಬಂದವು. ಒಂಟೆಯವರನ್ನು ಇಲ್ಲಿಯವರು ಒಟ್ಟಾಗಿ "ಅಫ್ಘಾನ್" ಅಂತ ಕರೆದರೂ, ಅವರಲ್ಲಿ ಅನೇಕರು ಆಗಿನ ಬ್ರಿಟಿಷ್ ಇಂಡಿಯಾದವರು: ಬಲೂಚಿಸ್ತಾನ, ಪಂಜಾಬ್, ಸಿಂಧ್, ಪೇಶಾವರದ ಕಡೆಯವರು. ಅಂದರೆ ನಮಗಿಂತ ನೂರೈವತ್ತು ವರ್ಷ ಮೊದಲೇ ನಮ್ಮ ಉಪಖಂಡದ ಕೆಲಸಗಾರರು ಇಲ್ಲಿ ಭಾರ ಸಾಗಿಸಿದ್ದಾರೆ. ಉಣ್ಣೆ, ಹಿಟ್ಟು, ಟೆಲಿಗ್ರಾಫ್ ತಂತಿ, ರೈಲ್ವೆ ಸಾಮಾನು ಎಲ್ಲವನ್ನೂ ಹೊತ್ತರು.

ಒಂಟೆಗೆ ಎರಡೂ ಪಕ್ಕ ಸಮ ತೂಕ ಕಟ್ಟಬೇಕು. ಭಾರ ಜಾಸ್ತಿಯಾದರೆ ಅದು ಕೂತಲ್ಲಿಂದ ಏಳೋದೇ ಇಲ್ಲ. ಆ ಪ್ರಾಣಿಯ ದೊಡ್ಡ ಗುಣ ಅದೇ ಅಂತ ನನಗನಿಸುತ್ತೆ. ಡೀಸೆಲ್ ಎಂಜಿನ್‌ಗೆ ಆ ಗುಣ ಇಲ್ಲ. ಎಷ್ಟೇ ತುಂಬಿದರೂ ಅದು ಎದ್ದು ಹೊರಟೇ ಬಿಡುತ್ತೆ.

1901ರ ವಲಸೆ ಕಾನೂನು ಬಂದ ಮೇಲೆ ಹೊರಗಿನ ಏಷ್ಯಾದವರಿಗೆ ಇಲ್ಲಿ ಬಾಗಿಲು ಹಾಕಿದಂತಾಯ್ತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳೋದು ಒಂಟೆಯವರಿಗೆ ದೂರದ ಮಾತಾಯ್ತು. 1920ರ ದಶಕದಲ್ಲಿ ಮೋಟಾರು ಲಾರಿ ಬಂದು ಅವರ ಕೆಲಸವನ್ನೂ ಕಿತ್ತುಕೊಂಡಿತು. ದಕ್ಷಿಣ ಆಸ್ಟ್ರೇಲಿಯಾ 1925ರಲ್ಲಿ ಒಂಟೆಗಳನ್ನು ಕೊಲ್ಲಲು ಕಾನೂನನ್ನೇ ಮಾಡಿತು. ಕೆಲವರು ತಮ್ಮ ಒಂಟೆಗಳನ್ನು ಕೊಲ್ಲಲು ಮನಸ್ಸು ಬಾರದೆ ಕಾಡಿಗೆ ಬಿಟ್ಟರು. ಇವತ್ತು ಮರುಭೂಮಿಯಲ್ಲಿ ಓಡಾಡುವ ಕಾಡು ಒಂಟೆಗಳು ಅವುಗಳ ಸಂತತಿ.

ಲಾರಿಯವರಿಗೂ ಅದೇ ಪಾಠ ಕಾದಿತ್ತು. 1934ರಲ್ಲಿ ಇಂಗ್ಲೆಂಡಿನ ಎಇಸಿ ಕಂಪನಿಯ ಎಂಟು ಚಕ್ರದ ಲಾರಿಯೊಂದು ಉತ್ತರ ಪ್ರಾಂತ್ಯಕ್ಕೆ ಬಂತು, ಹಿಂದೆ ಎರಡು ಟ್ರೈಲರ್. ಇವತ್ತಿನ ರೋಡ್ ಟ್ರೇನ್‌ಗಳ ಅಜ್ಜ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಲಿಸ್ ಸ್ಪ್ರಿಂಗ್ಸ್ ಕಡೆಯ ಕರ್ಟ್ ಜೊಹಾನ್ಸನ್ ಸೈನ್ಯ ಮಾರಿದ ಹಳೇ ಡೈಮಂಡ್ ಟಿ ಲಾರಿ ಹಿಡಿದು, ದನ ಸಾಗಿಸಲು ಟ್ರೈಲರ್‌ಗಳನ್ನು ತಾನೇ ಕಟ್ಟಿದ. ಅವನ ಜಾಣತನ ಎಂಜಿನ್ನಿನಲ್ಲಿ ಇರಲಿಲ್ಲ. ಮುಂದಿನ ಗಾಡಿಯ ಚಕ್ರ ಹೋದ ಜಾಡಿನಲ್ಲೇ ಹಿಂದಿನ ಚಕ್ರಗಳೂ ತಿರುಗಿ ಬರುವ ಹಾಗೆ ಟ್ರೈಲರ್ ಮಾಡಿದ್ದು ಅವನ ದೊಡ್ಡ ಕೆಲಸ. ಎಳೆಯುವ ಗಾಡಿಗಿಂತ ಹಿಂದೆ ಬರುವ ಗಾಡಿಯ ಮೇಲೆ ತಲೆ ಓಡಿಸಿದವನು ಗೆದ್ದ.

ಇನ್ನು ಲ್ಯಾಂಡ್ ಕ್ರೂಸರ್ ಕಥೆ. 1951ರಲ್ಲಿ ಟೊಯೋಟಾ ಜಪಾನಿನಲ್ಲಿ ಜೀಪಿನಂಥ ಒಂದು ಗಾಡಿ ಮಾಡಿತು. ಅದಕ್ಕೆ 1954ರಲ್ಲಿ ಲ್ಯಾಂಡ್ ಕ್ರೂಸರ್ ಅಂತ ಹೆಸರಿಟ್ಟರು. ಅದು ಆಸ್ಟ್ರೇಲಿಯಾಕ್ಕೆ ಬಂದದ್ದು ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯ ದಾರಿಯಲ್ಲಿ. ಗುತ್ತಿಗೆದಾರ ಲೆಸ್ಲಿ ಥೀಸ್ 1950ರ ದಶಕದ ಕೊನೆಯಲ್ಲಿ ತನ್ನ ಕೆಲಸಕ್ಕಾಗಿ ಈ ಗಾಡಿಗಳನ್ನು ತರಿಸಿದ. ಆತ ಹುಟ್ಟಿದ್ದು ನಾನಿರುವ ಟೂವುಂಬಾದ ಪಕ್ಕದ ಡ್ರೇಟನ್‌ನಲ್ಲಿ.

ಸ್ನೋಯಿ ಯೋಜನೆ 1949ರಿಂದ 1974ರವರೆಗೆ ನಡೆಯಿತು. 30ಕ್ಕೂ ಹೆಚ್ಚು ದೇಶಗಳಿಂದ ಬಂದ ಒಂದು ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ದುಡಿದರು. ಹೆಚ್ಚಿನವರು ನಮ್ಮ ಹಾಗೇ ಸೂಟ್‌ಕೇಸ್ ಹಿಡಿದು ಬಂದವರು. 121 ಮಂದಿ ಕೆಲಸದಲ್ಲಿ ಸತ್ತರು. ಬೆಟ್ಟದ ರಸ್ತೆಗಳ ಅಪಘಾತಗಳನ್ನು ನೋಡಿ ಯೋಜನೆಯ ಆಡಳಿತ ತನ್ನ ಗಾಡಿಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. ಆಗ ದೇಶದಲ್ಲಿ ಅಂಥ ಕಾನೂನೇ ಇರಲಿಲ್ಲ. ವಿಕ್ಟೋರಿಯಾ ರಾಜ್ಯ ಎಲ್ಲರಿಗೂ ಅದನ್ನು ಕಡ್ಡಾಯ ಮಾಡಿದ್ದು 1970ರಲ್ಲಿ. ಇವತ್ತು ನಾವು ಯೋಚನೆ ಮಾಡದೆ ಎಳೆದು ಸಿಕ್ಕಿಸಿಕೊಳ್ಳುವ ಬೆಲ್ಟಿನ ಹಿಂದೆ ಯಾರೋ ವಲಸೆ ಕೆಲಸಗಾರರ ಪ್ರಾಣ ಇದೆ.

ಆಮೇಲೆ ಗಾಡಿ ಬದಲಾಗುತ್ತಾ ಹೋಯ್ತು. ಮೊದಲಿನದಕ್ಕೆ ನಾಲ್ಕೂ ಕಡೆ ಲಾರಿಯ ಹಾಗೆ ಪಟ್ಟೆ ಸ್ಪ್ರಿಂಗ್. 1990ರ 80 ಸೀರೀಸ್‌ಗೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್ ಬಂದು, ಕೂತವರ ಸೊಂಟ ಉಳಿಯಿತು. 2007ರ 200 ಸೀರೀಸ್‌ಗೆ 4.5 ಲೀಟರ್‌ನ ವಿ8 ಡೀಸೆಲ್, 650 ನ್ಯೂಟನ್ ಮೀಟರ್ ಟಾರ್ಕ್. ಎಳೆಯುವ ಶಕ್ತಿ 3,500 ಕಿಲೋ. ಕೇಳೋಕೆ ಚೆನ್ನಾಗಿದೆ. ಆದರೆ ಈಗ ಹೊರುವ ಲೆಕ್ಕ ನೋಡಿ. ಗಾಡಿ ತನ್ನ ಮೇಲಿನದ್ದೆಲ್ಲ ಸೇರಿ ತೂಗಬಹುದಾದ ಮಿತಿಗೆ ಜಿವಿಎಂ ಅಂತಾರೆ. ಇದಕ್ಕೆ ಅದು 3,350 ಕಿಲೋ. ಗಾಡಿಯ ಸ್ವಂತ ತೂಕವೇ ಸುಮಾರು 2,700. ಉಳಿದದ್ದು 650. 3,500 ಕಿಲೋ ಟ್ರೈಲರಿನ ಮೂತಿ ಟೋ ಬಾಲ್ ಮೇಲೆ ಸುಮಾರು 350 ಕಿಲೋ ಊರುತ್ತೆ, ಅದೂ ಗಾಡಿಯ ಹೊರೆಯೇ. ಮಿಕ್ಕ 300ರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಬುಲ್ ಬಾರ್, ಫ್ರಿಜ್, ಅಕ್ಕಿ ಮೂಟೆ ಎಲ್ಲ ಬರಬೇಕು. ಬರಲ್ಲ.

ಅಷ್ಟೇ ಅಲ್ಲ. ಟೋ ಬಾಲ್ ಇರೋದು ಹಿಂದಿನ ಅಚ್ಚಿನಿಂದ ಸುಮಾರು ಒಂದೂಕಾಲು ಮೀಟರ್ ಆಚೆ. ಎರಡು ಅಚ್ಚುಗಳ ನಡುವೆ 2.85 ಮೀಟರ್. ಏತದ ಹಾಗೆ, ಹಿಂದೆ 350 ಒತ್ತಿದರೆ ಹಿಂದಿನ ಅಚ್ಚಿನ ಮೇಲೆ ಸುಮಾರು 500 ಬೀಳುತ್ತೆ, ಮುಂದಿನ ಚಕ್ರಗಳಿಂದ 150 ಎದ್ದು ಹೋಗುತ್ತೆ. ಸ್ಟೀರಿಂಗ್ ತಿರುಗಿಸೋದೂ, ಬ್ರೇಕಿನ ಹೆಚ್ಚು ಕೆಲಸ ಮಾಡೋದೂ ಆ ಮುಂದಿನ ಚಕ್ರಗಳೇ.

ಇದೆಲ್ಲ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೂ ತಪ್ಪು ಮಾಡಿದೆ. ನನ್ನ 200 ಸೀರೀಸ್‌ಗೆ ಮೊದಲು ಎಂಜಿನ್ ಟ್ಯೂನ್ ಮಾಡಿಸಿದೆ. ಹಿಂಬದಿ ಕುಸಿದ ಹಾಗೆ ಕಂಡಿದ್ದಕ್ಕೆ ಹಿಂದಿನ ಸ್ಪ್ರಿಂಗ್ ಒಳಗೆ ಏರ್ ಬ್ಯಾಗ್ ಹಾಕಿ ಗಾಳಿ ತುಂಬಿದೆ. ಗಾಡಿ ನೆಟ್ಟಗೆ ನಿಂತಿತು. ನೆಟ್ಟಗೆ ನಿಂತರೆ ಸಾಕು ಅಂದ್ಕೊಂಡೆ. ಲಾರಿ ರಿಪೇರಿ ಮಾಡೋನು ನಾನು, ನನಗೆ ಯಾರು ಹೇಳಬೇಕು ಅನ್ನೋ ಅಹಂಕಾರ.

ಮಕ್ಕಳ ಚಳಿಗಾಲದ ರಜೆಯಲ್ಲಿ ಕಾರ್ನಾರ್ವನ್ ಗಾರ್ಜ್ ನೋಡೋಕೆ ಹೊರಟೆವು. ಕಾರವಾನಿನ ಹಿಂಬದಿ ಬಂಪರ್ ಮೇಲೆ ಎರಡು ಸೈಕಲ್, ಸೌದೆ, ಡೀಸೆಲ್ ಕ್ಯಾನು. ಮುಂದಿನ ನೀರಿನ ಟ್ಯಾಂಕ್ ಖಾಲಿ. ಡಾಲ್ಬಿ ದಾಟಿದ ಮೇಲೆ ಎದುರಿನಿಂದ ಒಂದು ರೋಡ್ ಟ್ರೇನ್ ಬಂತು. ಅದರ ಗಾಳಿ ತಳ್ಳಿದ್ದೇ ತಡ, ಕಾರವಾನ್ ಬಾಲ ಬೀಸೋಕೆ ಶುರುಮಾಡಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಅಗಲಕ್ಕೆ. ಕಾಲು ತಾನಾಗಿ ಬ್ರೇಕಿಗೆ ಹೋಗ್ತಿತ್ತು. ಕಾರಿನ ಬ್ರೇಕ್ ಒತ್ತಿದ್ದರೆ ಹಿಂದಿನ ಮೂರು ಟನ್ ಮುಂದಕ್ಕೆ ಬಂದು ನಮ್ಮನ್ನು ಅಡ್ಡ ತಿರುಗಿಸ್ತಿತ್ತು. ಹೇಗೋ ನೆನಪಾಗಿ, ಆಕ್ಸಿಲರೇಟರ್ ಬಿಟ್ಟು, ಡ್ಯಾಶ್ ಕೆಳಗಿದ್ದ ಟ್ರೈಲರ್ ಬ್ರೇಕಿನ ಗುಂಡಿ ಮಾತ್ರ ಒತ್ತಿ ಹಿಡಿದೆ. ಕಾರವಾನ್ ಹಿಂದಕ್ಕೆ ಎಳೆದು ನೆಟ್ಟಗಾಯ್ತು. ಬ್ಲೂ ಮೌಂಟನ್ಸಿನ ಗಾಡಿಯವರು ಹಿಂದೆ ಕಟ್ಟಿದ ಮರ ಮಾಡುತ್ತಿದ್ದ ಕೆಲಸವನ್ನೇ ಆ ಗುಂಡಿ ಮಾಡಿತು.

ರಸ್ತೆ ಬದಿ ನಿಲ್ಲಿಸಿದಾಗ ನನ್ನ ಕೈ ನಡುಗ್ತಿತ್ತು. ಮಕ್ಕಳು ಮಾತೇ ಆಡಲಿಲ್ಲ. ನನ್ನಾಕೆ ಸ್ವಲ್ಪ ಹೊತ್ತಾದ ಮೇಲೆ ಅಂದಳು: "ರೀ, ಮಾವ ಗಾಡಿ ತುಂಬೋದನ್ನ ಅಷ್ಟು ವರ್ಷ ನೋಡಿದ್ರಲ್ಲ. ನೊಗ ಎತ್ತಿ ನೋಡ್ಬೇಕು ಅಂತ ನಿಮ್ಗೆ ಅನಿಸ್ಲೇ ಇಲ್ವಾ?"

ಮುಂದಿನ ಊರಿನ ವೇಬ್ರಿಡ್ಜ್‌ನಲ್ಲಿ ತೂಕ ಹಾಕಿದೆ. ಕಾರವಾನ್ 3,080 ಕಿಲೋ, ಟೋ ಬಾಲ್ ಮೇಲೆ ಬರೀ 170. ಹತ್ತರಲ್ಲೊಂದು ಭಾಗ ಇರಬೇಕಾದದ್ದು ಅರ್ಧವೂ ಚಿಲ್ಲರೆಯೂ ಅಷ್ಟೇ. ಅಪ್ಪನ ಭಾಷೆಯಲ್ಲಿ ಹಿಂಭಾರ. ಕಾರು 3,560, ಅಂದರೆ ಮಿತಿಗಿಂತ 210 ಹೆಚ್ಚು. ಸಾಮಾನು ಮುಂದಕ್ಕೆ ಸರಿಸಿ ಬಾಲ್ ಭಾರವನ್ನು 300 ಮಾಡಿದರೆ ಕಾರು 3,690 ಆಯ್ತು! ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ತಪ್ಪು. ತಪ್ಪು ಗಾಡಿಯದಲ್ಲ, ನನ್ನದು. ಅರ್ಧ ಸಾಮಾನನ್ನು ಅದೇ ಊರಿನಲ್ಲಿದ್ದ ಗೆಳೆಯನ ಶೆಡ್ಡಿನಲ್ಲಿ ಇಳಿಸಿ, ನಿಧಾನಕ್ಕೆ ಮನೆಗೆ ವಾಪಸ್ ಬಂದೆವು.

ಆಮೇಲೆ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿದೆ. ಮೊದಲು ಇಳಿಸಿದೆ: ರೂಫ್ ರ್‍ಯಾಕ್, ಡ್ರಾಯರ್, ಕಬ್ಬಿಣದ ಟೂಲ್ ಬಾಕ್ಸ್, ಒಟ್ಟು 150 ಕಿಲೋ. ನಂತರ ಜಿವಿಎಂ ಅಪ್‌ಗ್ರೇಡ್: ಗಟ್ಟಿ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್, ಮುಖ್ಯವಾಗಿ ಎಂಜಿನಿಯರ್ ಸರ್ಟಿಫಿಕೇಟ್ ಮತ್ತು ಗಾಡಿಗೆ ಹೊಡೆದ ಹೊಸ ಪ್ಲೇಟ್. ಮಿತಿ 3,800 ಆಯ್ತು. ಏರ್ ಬ್ಯಾಗ್ ಗಾಡಿಯನ್ನು ಎತ್ತುತ್ತೆ, ಕಾಗದದ ಮಿತಿಯನ್ನು ಎತ್ತಲ್ಲ. ಅಪಘಾತವಾದರೆ ಪೊಲೀಸರಾಗಲಿ ವಿಮೆಯವರಾಗಲಿ ನೋಡೋದು ಕಾಗದವನ್ನೇ.

ಇನ್ನೊಂದು ಗುಟ್ಟು ಇದೆ. ಗಾಡಿ, ಟ್ರೈಲರ್ ಎರಡೂ ಸೇರಿದ ಒಟ್ಟು ಮಿತಿಗೆ ಜಿಸಿಎಂ ಅಂತಾರೆ. 200 ಸೀರೀಸ್‌ಗೆ ಅದು 6,850. ಜಿವಿಎಂ ಹೆಚ್ಚಿಸಿದರೆ ಇದು ತಾನಾಗಿ ಹೆಚ್ಚೋದಿಲ್ಲ, ಅದಕ್ಕೆ ಬೇರೆ ಒಪ್ಪಿಗೆ ಬೇಕು. ಕಾರನ್ನು 3,800 ತುಂಬಿದರೆ ಟ್ರೈಲರಿನ ಚಕ್ರಗಳಿಗೆ ಉಳಿಯೋದು 3,050. ಬಾಲ್ ಮೇಲಿನ 350 ಸೇರಿಸಿದರೂ ಟ್ರೈಲರ್ 3,400 ದಾಟುವಂತಿಲ್ಲ. ಅಂದರೆ ಕಾಸು ಕೊಟ್ಟು ಹೊರುವ ಶಕ್ತಿ ಕೊಂಡವನು, ಎಳೆಯುವ ಶಕ್ತಿಯಲ್ಲಿ ಸ್ವಲ್ಪ ಕಳೆದುಕೊಂಡಿರ್ತಾನೆ. ಇದನ್ನು ಅಂಗಡಿಯಲ್ಲಿ ನೀವಾಗಿ ಕೇಳಬೇಕು.

ಬ್ರೇಕ್ ವಿಷಯದಲ್ಲಂತೂ ರಾಜಿ ಬೇಡ. ಚಕ್ರಗಳ ಮೇಲೆ 2,000 ಕಿಲೋ ದಾಟುವ ಟ್ರೈಲರ್‌ಗೆ ಇಲ್ಲಿನ ನಿಯಮದಂತೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು, ಕೊಂಡಿ ಕಳಚಿದರೆ ತಾನಾಗಿ ಹಿಡಿಯುವ ವ್ಯವಸ್ಥೆಯೂ ಇರಬೇಕು. ಹೊರಡುವ ದಿನ ಖಾಲಿ ರಸ್ತೆಯಲ್ಲಿ ಆ ಕೈ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ. ಅದು ಎಲ್ಲಿದೆ ಅಂತ ನಿಮ್ಮ ಜೊತೆ ಕೂತವರಿಗೂ ತೋರಿಸಿ.

ಆ ಹುಡುಗನ ಪಟ್ಟಿಯಲ್ಲಿ ಎಂಜಿನ್ ಟ್ಯೂನ್ ಮೊದಲನೆಯದು. ನನ್ನ ಪಟ್ಟಿಯಲ್ಲಿ ಅದು ಕೊನೆಯದು, ಇರದಿದ್ದರೂ ನಡೆಯುತ್ತೆ. ನಾವು ದೂರದ ದೇಶಕ್ಕೆ ಬಂದು ದುಡಿಯುವವರು. ಇಲ್ಲಿ ನಮಗೆ ಏನಾದರೂ ಆದರೆ ಊರಿನಿಂದ ಓಡಿ ಬರುವವರಿಲ್ಲ. ವೀಸಾ, ಕೆಲಸ, ಮಕ್ಕಳ ಓದು ಎಲ್ಲವೂ ಒಂದೇ ಕೊಂಡಿಗೆ ಸಿಕ್ಕಿಸಿದ ಟ್ರೈಲರ್ ಹಾಗೆ ನಮ್ಮ ಹಿಂದೆ ಬರ್ತಿರುತ್ತೆ.

ಕಳೆದ ವರ್ಷ ಮತ್ತೆ ಕಾರ್ನಾರ್ವನ್‌ಗೆ ಹೊರಟೆವು. ಈ ಸಲ ಕಾರು 3,540, ಬಾಲ್ ಮೇಲೆ 300. ಹೊರಡುವ ಮುಂಚೆ ಊರಿಗೆ ಫೋನ್ ಮಾಡಿದ್ದೆ. ಅಪ್ಪ ಕೇಳಿದ್ದು ಒಂದೇ: "ನೊಗ ಎತ್ತಿ ನೋಡ್ದೇನಪ್ಪಾ?"

ನೋಡಿದೆ ಅಂದೆ.