“ಈ ಕಾಡಲ್ಲಿ ಏನು ಹುಡುಕ್ತೀರಿ?”: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ದಾರಿಯಲ್ಲಿ ಇಬ್ಬರ ಎರಡು ರಾತ್ರಿ



1623ರ ಡಿಸೆಂಬರ್. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಮಂಗಳೂರಿಗೆ ಬಂದು, ಅಲ್ಲಿಂದ ಒಳನಾಡಿನ ಮಣೇಲಿಗೆ ಹೋಗ್ತಾನೆ. ಉಳ್ಳಾಲದ ಚೌಟ ರಾಣಿಯನ್ನು ನೋಡಬೇಕು ಅಂತ. ರಾಣಿ ಸಿಕ್ಕಿದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಬರಿಗಾಲಲ್ಲಿ ನಡೆದು ಬರ್ತಾ ಇದ್ದರು. ಅವರು ಕೇಳಿದ ಪ್ರಶ್ನೆಯ ತಿರುಳು ಇಷ್ಟು: ನಮ್ಮ ಈ ಕಾಡುಗಳಲ್ಲಿ ಏನು ಹುಡುಕಿಕೊಂಡು ಬಂದಿದ್ದೀರಿ? ಬೇರೆ ಬೇರೆ ದೇಶ, ಬೇರೆ ಬೇರೆ ಜನರ ರೀತಿ ನೋಡೋದಕ್ಕೆ ಅಂತ ಇವನು ಹೇಳಿದ.

ಅವನ ಹಿಂದೆ ಇನ್ನೊಂದು ಕಥೆ ಇತ್ತು. ಬಾಗ್ದಾದಿನಲ್ಲಿ ಪ್ರೀತಿಸಿ ಮದುವೆಯಾಗಿದ್ದ ಹೆಂಡತಿ ಸಿತ್ತಿ ಮಾನಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಕೆಡದ ಹಾಗೆ ಕಾಪಾಡಿಸಿ, ಇಂಡಿಯಾ ಸುತ್ತಿ, ಕೊನೆಗೆ ರೋಮಿಗೆ ಒಯ್ದು ಮಣ್ಣು ಮಾಡಿದ. ಅಂದ್ರೆ ನಮ್ಮ ಊರಿನ ದಾರಿಯಲ್ಲಿ ಚಳಿಗಾಲದ ಪ್ರವಾಸ ಮಾಡಿ ಬರೆದಿಟ್ಟ ಈ ಮನುಷ್ಯ ಜೋಡಿ ಕಳೆದುಕೊಂಡವನು.

ನಾನು ಇದನ್ನೆಲ್ಲ ಓದೋಕೆ ಶುರು ಮಾಡಿದ್ದು ಒಂದು ಪ್ಲಾನ್ ಕಾರಣಕ್ಕೆ. ಈ ಡಿಸೆಂಬರಿನಲ್ಲಿ ಕ್ಯಾಂಪರ್ ವ್ಯಾನ್ ತಗೊಂಡು ನಾನು, ನನ್ನ ಹುಡುಗ, ಇಬ್ಬರೇ ಹೋಗೋದು. ಬಿ.ಸಿ. ರೋಡಿನಿಂದ ಬಂಟ್ವಾಳ ಪೇಟೆ, ಅಲ್ಲಿಂದ ಬೆಳ್ತಂಗಡಿ, ವೇಣೂರು, ಮೂಡುಬಿದಿರೆ. ಎರಡು ರಾತ್ರಿ. ಓದ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟ ಆಯ್ತು. ಈ ದಾರಿಯಲ್ಲಿ ರಾತ್ರಿ ತಂಗೋದು ಹೊಸದಲ್ಲ. ತಂಗೋದಕ್ಕೆ ಕೊಡುವ ಕಾರಣ ಮಾತ್ರ ಹೊಸದು.

ನಮಗಿಂತ ಮೊದಲು ಇದೇ ರೂಟ್

ಫ್ರಾನ್ಸಿಸ್ ಬುಕನನ್ ಹೆಸರು ಕೇಳಿರಬಹುದು. ಟಿಪ್ಪು ಸತ್ತ ಮೇಲೆ, ಗೆದ್ದ ಸೀಮೆಯಲ್ಲಿ ಏನೇನಿದೆ ಅಂತ ನೋಡಿ ಬರೆಯೋಕೆ ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಡಾಕ್ಟರ್. 1801ರ ಆರಂಭದ ತಿಂಗಳುಗಳಲ್ಲಿ ಅವನು ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಅಂತ ಸಾಗಿದ. ನಮ್ಮ ಗೂಗಲ್ ಮ್ಯಾಪಿನ ನೀಲಿ ಗೆರೆಯೂ ಹೆಚ್ಚುಕಡಿಮೆ ಅದೇ.

ಅವನದೂ ಒಂಥರಾ ಕ್ಯಾಂಪಿಂಗೇ. ಡೇರೆ, ಸಾಮಾನು ಹೊರುವ ಎತ್ತು, ಆಳುಗಳು. ಆದರೆ ರೊಮ್ಯಾನ್ಸಿಗೆ ಟೈಮಿಲ್ಲ. ಎಷ್ಟು ಭತ್ತ ಬೆಳೀತಾರೆ, ಎಷ್ಟು ಕಂದಾಯ ಬರುತ್ತೆ, ಇದೇ ಲೆಕ್ಕ. ಬೆಳ್ತಂಗಡಿ ಹತ್ತಿರ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ, ನಾವು ಗಡಾಯಿಕಲ್ಲು ಅನ್ನೋದು, ಕಂಪನಿ ಕೈಗೆ ಬಂದು ಆಗಿನ್ನೂ ಎರಡು ವರ್ಷವೂ ಆಗಿರಲಿಲ್ಲ. ಅವನು ತಂಗಿದ್ದು ಸರ್ಕಾರಿ ಕೆಲಸಕ್ಕೆ. ಅವನ ಪ್ರವಾಸ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಆಗಿ ಬಂತು.

ರಾತ್ರಿಗೆ ಕಾರಣ ಬೇಕಿತ್ತು

ಬೇರೆಯವರ ಕಾರಣಗಳನ್ನೂ ನೋಡಿ. ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿ ಹತ್ತಿ ಮಂಗಳೂರಿಗೆ ಹೋಗ್ತಿತ್ತು. ಗಾಡಿಯವರು ಗಾಡಿ ಪಕ್ಕದಲ್ಲೇ ಗಂಜಿ ಬೇಯಿಸಿ ಮಲಗೋರು. ಅವರದು ವ್ಯಾಪಾರ. ಧರ್ಮಸ್ಥಳಕ್ಕೆ ನಡೆದು ಬರೋರದು ಹರಕೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾದ್ರೆ ಮೇ ತಿಂಗಳ ಪತ್ತನಾಜೆವರೆಗೂ ಊರಿಂದ ಊರಿಗೆ. ರಾತ್ರಿ ಆಟ, ಹಗಲು ನಿದ್ದೆ. ಅವರದು ಹೊಟ್ಟೆಪಾಡು. ಕಂಬಳದ ರಾತ್ರಿ ಕೋಣಗಳ ಜೊತೆ ಗದ್ದೆಬದಿಯಲ್ಲಿ ಕಳೆಯೋರದು ಮನೆತನದ ಮರ್ಯಾದೆ.

ಎಲ್ಲರಿಗೂ ಒಂದೊಂದು ಕಾರಣ, ಕೇಳಿದವರಿಗೆ ಹೇಳಬಹುದಾದ ಕಾರಣ. “ಸುಮ್ಮನೆ, ಇಬ್ಬರೂ ಒಟ್ಟಿಗೆ ಇರೋಕೆ” ಅನ್ನೋದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮನೆಯಲ್ಲಿ ನಾನು ಹೇಳಿದಾಗ ಅಮ್ಮ ಬೈಯಲಿಲ್ಲ. “ಅಲ್ಲಿ ಯಾರ ಮನೆ ಇದೆ?” ಅಂತ ಕೇಳಿದರು, ಅಷ್ಟೆ. ಯಾರ ಮನೆಯೂ ಇಲ್ಲದ ಕಡೆ ಹೆಣ್ಣುಮಗಳು ಯಾಕೆ ಮಲಗಬೇಕು ಅನ್ನೋದು ಅದರ ಅರ್ಥ.

ಆ ಭಯ ಸುಳ್ಳಲ್ಲ. ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದು 2009ರ ಜನವರಿಯಲ್ಲಿ. ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡ್ತಿದ್ದವರ ಮೇಲೆ ದಾಳಿಯಾದದ್ದು 2012ರ ಜುಲೈಯಲ್ಲಿ. ನಮ್ಮ ವಯಸ್ಸಿನವರು ಈ ಜಿಲ್ಲೆಯಲ್ಲಿ ಬೆಳೆದದ್ದೇ ಆ ವಿಡಿಯೋಗಳನ್ನು ನೋಡಿಕೊಂಡು. ಇನ್ನೊಂದು ಕಡೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಮದುವೆಯಾಗದ ವಯಸ್ಕ ಜೋಡಿ ಒಂದೇ ರೂಮಿನಲ್ಲಿ ಉಳಿಯೋದು ಅಪರಾಧವಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿತು.

ಅದಕ್ಕೇ ಕ್ಯಾಂಪರ್ ವ್ಯಾನ್ ನನಗೆ ಬರೀ ಇನ್‌ಸ್ಟಾಗ್ರಾಂ ಶೋಕಿ ಅನ್ನಿಸೋದಿಲ್ಲ. ಕಾರವಾನ್ ಪ್ರವಾಸಕ್ಕೆ ಕೇಂದ್ರ ಸರ್ಕಾರ 2010ರಲ್ಲೇ ನೀತಿ ಮಾಡಿತ್ತು. ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ತಂತು. ಹಾಸಿಗೆ, ಒಲೆ, ಶೌಚಾಲಯ, ಎಲ್ಲಕ್ಕಿಂತ ಮುಖ್ಯವಾಗಿ ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಬಾಗಿಲು. ಎತ್ತಿನ ಗಾಡಿಗೂ ಡೇರೆಗೂ ಇಲ್ಲದ್ದು ಅದೊಂದೇ.

ಹಾಗಾದ್ರೆ ಪ್ಲಾನ್

ಬಾಗಿಲಿದೆ ಅಂತ ಕಂಡಲ್ಲಿ ನಿಲ್ಲಿಸೋ ಹಾಗಿಲ್ಲ. ಬಂಟ್ವಾಳದ ಹಳೇ ಪೇಟೆ ರಸ್ತೆ ಇಕ್ಕಟ್ಟು, ದೊಡ್ಡ ವ್ಯಾನ್ ಹೊರಗೇ ಬಿಟ್ಟು ನಡೆಯೋದು ಒಳ್ಳೇದು. ಗಡಾಯಿಕಲ್ಲು ಅರಣ್ಯ ಇಲಾಖೆಯ ಜಾಗ, ಬೆಳಿಗ್ಗೆ ಹತ್ತಿ ಹೊತ್ತು ಮುಳುಗೋ ಮುಂಚೆ ಇಳಿಯಬೇಕು. ಅಲ್ಲಿ ರಾತ್ರಿ ಬೇಡ. ಮೊದಲೇ ಫೋನ್ ಮಾಡಿ, ಹೋಂಸ್ಟೇ ಇರುವ ಅಡಿಕೆ ತೋಟದ ಅಂಗಳದಲ್ಲಿ ನಿಲ್ಲಿಸಿ. ಇಬ್ಬರ ಗುರುತಿನ ಚೀಟಿಯೂ ಕೈಯಲ್ಲಿರಲಿ. ಚಳಿ ಅಂದ್ರೆ ಘಟ್ಟದ ಮೇಲಿನ ಚಳಿಯಲ್ಲ, ಬೆಳಗಿನ ಜಾವಕ್ಕೆ ಒಂದು ಹೊದಿಕೆ ಸಾಕು.

ಎರಡನೇ ದಿನ ವೇಣೂರು. ಅಜಿಲ ಅರಸರು 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ. ಆಮೇಲೆ ಮೂಡುಬಿದಿರೆ. 1430ರ ಸಾವಿರ ಕಂಬದ ಬಸದಿಗೆ ಬೆಳಿಗ್ಗೆಯೇ ಹೋಗಿ, ಆಗ ಕಂಬಗಳ ನಡುವೆ ಮೌನ ಸಿಗುತ್ತೆ. ಕೋಟಿ-ಚೆನ್ನಯ ಜೋಡುಕರೆ ಕಂಬಳ ಯಾವಾಗ ಅಂತ ಮೊದಲೇ ವಿಚಾರಿಸಿ, ಆ ದಿನ ಊರಿಡೀ ಜನ. ಚೌಟರ ಅರಮನೆ ತಪ್ಪಿಸಬೇಡಿ. ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾಗಿರುವ ಮರದ ಕೆತ್ತನೆ ಅಲ್ಲಿದೆ. ದೆಲ್ಲಾ ವಲ್ಲೆಯನ್ನು ಪ್ರಶ್ನೆ ಕೇಳಿದ ರಾಣಿಯೂ ಇದೇ ಚೌಟ ವಂಶದವರು.

ದಾರಿಯಲ್ಲಿ ಯಾರಾದ್ರೂ “ಓಡೆ ಪೋಪಿನಿ?” ಅಂತ ತುಳುವಲ್ಲಿ ಕೇಳೇ ಕೇಳ್ತಾರೆ. ಕೇಳೋರಲ್ಲಿ ಹೆಚ್ಚಿನವರು ಬರೀ ಕುತೂಹಲದಿಂದ ಕೇಳೋದು. ಊರು ಹೆಸರಿಸಿ, ನೋಡೋಕೆ ಬಂದೆವು ಅನ್ನಿ. ನಾನೂರು ವರ್ಷದ ಹಿಂದೆ ಒಬ್ಬ ರಾಣಿಗೆ ಸಾಕಾಗಿದ್ದ ಉತ್ತರ ಅದು. ನಮಗೂ ಸಾಕಾಗಬೇಕು.