ಜೀವರಕ್ಷಕ ಚಿಕಿತ್ಸೆಯ ನಿಲುಗಡೆ ಮತ್ತು ಕುಟುಂಬದ ಆಪ್ತಸಮಾಲೋಚನೆ
ಗುಣವಾಗುವ ಭರವಸೆಯಿಲ್ಲದ ರೋಗಿಗೆ ವೆಂಟಿಲೇಟರ್ ಮುಂದುವರಿಸಬೇಕೇ ಎಂದು ನಿರ್ಧರಿಸಬೇಕಾದ ಮನೆಮಂದಿಗೆ ನೀಡುವ ಮಾನಸಿಕ ನೆರವು. ಮದ್ದು ಕೊಟ್ಟು ಸಾವು ತರುವುದು ಭಾರತದಲ್ಲಿ ಅಪರಾಧ. ಚಿಕಿತ್ಸೆ ಹಿಂತೆಗೆಯಲು ದಾರಿಯಾದದ್ದು ಹಳದೀಪುರ ಮೂಲದ ನರ್ಸ್ ಅರುಣಾ ಶಾನಭಾಗ ಪ್ರಕರಣದ 2011ರ ತೀರ್ಪು. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯ ಸಾವನ್ನು ಮೂಲಭೂತ ಹಕ್ಕೆಂದಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ದೀರ್ಘಕಾಲ ಹೋರಾಡಿದರು. ಇದನ್ನು ಜಾರಿಗೊಳಿಸುವ ಕರ್ನಾಟಕದ ಸುತ್ತೋಲೆ ಬಂದದ್ದು 2025ರ ಜನವರಿ 30ರಂದು. ಅದರಂತೆ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆಯ ಜೊತೆಗೆ ಮನೆಯವರ ಸಮ್ಮತಿಯ ಸಹಿಯೂ ಬೇಕು. ಅರಕೇರಿಯಂಥ ಊರಿನಿಂದ ವಿಜಯಪುರದ ಆಸ್ಪತ್ರೆಗೆ ಬಂದ ಕುಟುಂಬಕ್ಕೆ ಆ ಸಹಿಯೇ ಅತಿ ಭಾರದ್ದು. ‘ನಾವೇ ಕೊಂದೆವೇ’ ಎಂಬ ಅಳಲು ವರ್ಷಗಟ್ಟಲೆ ಉಳಿಯಬಲ್ಲದು. ಸಾವಿಗೆ ಕಾರಣ ರೋಗ, ಸಹಿಯಲ್ಲ. ನೋವುಶಮನದ ಆರೈಕೆ ಕೊನೆಯವರೆಗೂ ನಿಲ್ಲದು ಎಂಬುದನ್ನು ಸಹಿಗೆ ಮೊದಲೇ, ಅವಸರವಿಲ್ಲದೆ, ಮನೆಮಾತಿನಲ್ಲಿ ತಿಳಿಸಲೇಬೇಕು. ದುಃಖದಲ್ಲಿರುವವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.